ತೊಟ್ಟಿಲ ಸ್ಪ್ರಿಂಗು ಕಂಡುಹಿಡಿದ ಕೊಸರು

ಗುಬ್ಬಿಯ ನನ್ನ ದಿನಸಿ ಅಂಗಡಿಗೆ ದೊಡ್ಡ ಬೋರ್ಡಿದೆ. ಅದರ ಮೇಲಿನ ಹೆಸರನ್ನು ಯಾರೂ ಓದಿದ ಹಾಗೆ ಕಾಣೆ. ಸಂತೆಗೆ ಬಂದವರು, "ಕೊಸರಂಗಡಿ ಹತ್ರ ನಿಂತ್ಕೊಂಡಿರು, ಬರ್ತೀನಿ" ಅನ್ನುತ್ತಾರೆ. ತೂಗಿ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಮೇಲೊಂದು ಹಿಡಿ ಹಾಕುತ್ತೇವಲ್ಲ, ಆ ಕೊಸರು. ಎಲ್ಲ ಅಂಗಡಿಯವರೂ ಹಾಕುತ್ತಾರೆ. ನಾನು ಹಾಕುವಾಗ ಕೈ ಮೇಲಕ್ಕೆ ಹೋಗುತ್ತಿತ್ತು, ಕಾಳು ಸದ್ದು ಮಾಡಿಕೊಂಡು ಬೀಳುತ್ತಿತ್ತು, ಪಕ್ಕದಲ್ಲಿ ನಿಂತವನಿಗೂ ಕಾಣುತ್ತಿತ್ತು. ವ್ಯತ್ಯಾಸ ಅಷ್ಟೇ. ಮೂಟೆಗಟ್ಟಲೆ ಸಾಮಾನು ಒಯ್ದವರು ಮೂಟೆಯನ್ನು ಮರೆತು ಆ ಒಂದು ಹಿಡಿಯನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಜನ ಎಷ್ಟು ಅಗ್ಗಕ್ಕೆ ಸಿಕ್ಕುತ್ತಾರೆ ಎಂದು ಒಳಗೊಳಗೇ ನಗುತ್ತಿದ್ದೆ. ನಾನೂ ಅದೇ ಹಿಡಿಗೆ ಮಾರಾಟವಾಗಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

ಕೊಸರಿಗೊಂದು ಕ್ರಮವಿದೆ. ಎಲೆಕ್ಟ್ರಾನಿಕ್ ತಕ್ಕಡಿಯ ಕೆಂಪು ಅಂಕಿ ನಿಲ್ಲಬೇಕು, ಗಿರಾಕಿ ಅದನ್ನು ನೋಡಬೇಕು, ತಟ್ಟೆಯನ್ನು ಇಳಿಸಿ ಚೀಲಕ್ಕೆ ಸುರಿಯಬೇಕು. ಆಮೇಲೆ ಕೊಸರು. ಅದು ತಕ್ಕಡಿಯ ಮೇಲೆ ಬೀಳುವುದೇ ಇಲ್ಲ. ತಕ್ಕಡಿಯನ್ನು ಕೇಳಿದರೆ ಕೊಸರೆಂಬುದು ಈ ಲೋಕದಲ್ಲೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಆಡಿದ ಸುಳ್ಳು ಇದರ ಸಂದಿಯಲ್ಲೇ ಹುಟ್ಟಿದ್ದು.

ನನ್ನ ಸೊಸೆ ಕುಣಿಗಲ್ ಕಡೆಯವಳು. ಬಿ.ಎಸ್ಸಿ., ಬಿ.ಎಡ್. ಓದಿ ಚೇಳೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಅತಿಥಿ ಎಂಬ ಮಾತೇ ಒಂದು ಕುಹಕ. ಅತಿಥಿಯನ್ನು ಯಾರಾದರೂ ವರ್ಷಕ್ಕೊಮ್ಮೆ ಹೊರಗೆ ಕಳಿಸಿ, ಬಾಗಿಲಲ್ಲಿ ನಿಲ್ಲಿಸಿ, ಮತ್ತೆ ಒಳಗೆ ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಾರೆಯೇ? ಆದರೆ ಆಗ ನನ್ನ ಕುಹಕವೆಲ್ಲ ಸರ್ಕಾರದ ಮೇಲಿರಲಿಲ್ಲ, ಅವಳ ಮೇಲೇ ಇತ್ತು. ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಪಾಸು ಮಾಡಿದವನು ನಾನು. ಅದಕ್ಕಿಂತ ಹೆಚ್ಚು ಓದಿದವರೆಲ್ಲ ಅನವಶ್ಯಕವಾಗಿ ಓದಿದ್ದಾರೆ ಎಂದು ನನ್ನ ಅಭಿಪ್ರಾಯ.

ಬಾಣಂತನ ಮುಗಿಸಿ ಅವಳು ಕುಣಿಗಲ್ಲಿನಿಂದ ಮಗುವಿನ ಜೊತೆ ಬಂದಾಗ ತವರಿನವರು ತೊಟ್ಟಿಲು ಕಳಿಸುತ್ತಾರೆಂದು ಕಾದಿದ್ದೆ. ತೇಗದ್ದು, ಹಿತ್ತಾಳೆ ಗಿಳಿ ಕೂರಿಸಿದ್ದು, ನಡುಮನೆಯಲ್ಲಿ ಇಟ್ಟರೆ ಬಂದವರು ಕೇಳುವಂಥದ್ದು. ಬಂದದ್ದು ಒಂದು ಬಟ್ಟೆಯ ಜೋಲಿ, ಅದನ್ನು ತೊಲೆಗೆ ನೇತುಹಾಕಲು ಒಂದು ದಪ್ಪ ಸ್ಪ್ರಿಂಗು. ಜೋಲಿಯಲ್ಲಿ ಮಗುವನ್ನು ಮಲಗಿಸಿ ಮೆಲ್ಲಗೆ ಕೆಳಗೆ ಎಳೆದು ಬಿಟ್ಟರೆ ಮೇಲಕ್ಕೂ ಕೆಳಕ್ಕೂ ತಾನೇ ಕುಣಿಯುತ್ತದೆ. ಕಂದ ನಿದ್ದೆ ಹೋಗುತ್ತದೆ.

"ಬೀಗರು ಲಾರಿ ಗ್ಯಾರೇಜ್ ಇಟ್ಟವ್ರಾ? ಬಿಡಿಭಾಗ ಕಳ್ಸವ್ರೆ," ಅಂದೆ.

ಸೊಸೆ ಕೇಳಿಸದವಳ ಹಾಗೆ ಜೋಲಿಯ ಗಂಟು ಬಿಗಿ ಮಾಡಿದಳು. ನನ್ನ ಹೆಂಡತಿ ಒಳಗಿನಿಂದ, "ನಿಮ್ಮ ಮಗ ಹರಿದ ಸೀರೇಲೆ ಬೆಳ್ದಿದ್ದು, ಮರ್ತೋಯ್ತಾ?" ಅಂದಳು. ಮಾತು ಅಲ್ಲಿಗೆ ನಿಂತಿತು. ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಆ ಸ್ಪ್ರಿಂಗೇ ಅವಳ ತಲೆಗೆ ಹತ್ತಿತು. ಮಗು ಬೆಳೆದ ಹಾಗೆಲ್ಲ ಜೋಲಿ ಕೆಳಕ್ಕೆ ಇಳಿಯುತ್ತಿತ್ತು. ಜೊತೆಗೆ ಅದರ ಕುಣಿತವೂ ನಿಧಾನವಾಗುತ್ತಿತ್ತು. ಇದನ್ನು ನಾವೆಲ್ಲ ನೋಡಿದ್ದೆವು, ಯಾರೂ ಗಮನಿಸಿರಲಿಲ್ಲ. ಒಂದು ಸಂಜೆ ಅಂಗಡಿಯಿಂದ ಬಂದು ನೋಡಿದರೆ ಜೋಲಿಯನ್ನು ಬಿಚ್ಚಿ, ಸ್ಪ್ರಿಂಗಿನ ಪಕ್ಕದಲ್ಲಿ ಗೋಡೆಗೆ ಕಾಗದದ ಪಟ್ಟಿ ಅಂಟಿಸಿದ್ದಾಳೆ. ತುಮಕೂರಿನಲ್ಲಿ ತಾನು ಓದಿದ ಕಾಲೇಜಿನಿಂದ ಎರವಲು ತಂದ ಕಬ್ಬಿಣದ ತೂಕಗಳನ್ನು ಒಂದೊಂದಾಗಿ ನೇತುಹಾಕಿ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿದ್ದಾಳೆ. ಆಮೇಲೆ ಅದೇ ತೂಕವನ್ನು ಎಳೆದು ಬಿಟ್ಟು, ಮೊಬೈಲಿನಲ್ಲಿ ಹೊತ್ತು ನೋಡುತ್ತ ಕುಣಿತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ.

"ಏನಮ್ಮ ಇದು, ಕಬ್ಬಿಣಕ್ಕೆ ಜೋಗುಳ?" ಅಂದೆ.

ಅವಳು ನಕ್ಕಳು. ಆಗಿನ್ನೂ ನನ್ನ ಮಾತಿಗೆ ನಗುತ್ತಿದ್ದಳು. "ಮಾವ, ಒಂದೇ ವಸ್ತುನ ಎರಡು ಥರ ಅಳೀಬಹುದು. ಸುಮ್ನೆ ನೇತಾಕಿದ್ರೆ ಭೂಮಿ ಅದನ್ನ ಎಷ್ಟು ಎಳೀತದೆ ಅಂತ ಗೊತ್ತಾಗ್ತದೆ. ಕುಣಿಸಿದ್ರೆ, ಅದು ಕದಲೋಕೆ ಎಷ್ಟು ಹಠ ಮಾಡ್ತದೆ ಅಂತ ಗೊತ್ತಾಗ್ತದೆ. ಆ ಹಠಕ್ಕೆ ಜಡತ್ವ ಅಂತಾರೆ."

"ಜಡ ಅಂದ್ರೆ ನಿನ್ನ ಗಂಡ. ಭಾನುವಾರ ಎಬ್ಬಿಸಿ ನೋಡು."

"ಚಂದ್ರನ ಮೇಲೆ ಹೋದ್ರೆ ನೇತಾಕಿದ್ದು ಕಮ್ಮಿ ತೋರಿಸ್ತದೆ ಮಾವ. ಹಠ ಮಾತ್ರ ಅಷ್ಟೇ ಇರ್ತದೆ. ಎರಡೂ ಬೇರೆಬೇರೆ ಗುಣ. ಆದ್ರೂ ಇಲ್ಲಿ ಯಾವ ವಸ್ತು ತಗಂಡ್ರೂ ಎರಡು ಲೆಕ್ಕಾನೂ ಒಂದೇ ಬರ್ತದೆ. ಯಾಕೆ ಒಂದೇ ಬರ್ಬೇಕು? ಅದೇ ಆಶ್ಚರ್ಯ."

"ಅಂಗಡೀಲಿ ಒಂದು ಸಲ ತೂಗೋಕೇ ಪುರಸೊತ್ತಿಲ್ಲ. ಇವಳಿಗೆ ಎರಡೆರಡು ಸಲ," ಎಂದು ಹೆಂಡತಿಗೆ ಕೇಳುವ ಹಾಗೆ ಹೇಳಿ ಕೈಕಾಲು ತೊಳೆಯಲು ಹೋದೆ.

ಅದು ಆಟವಾಗಿರಲಿಲ್ಲ ಎಂದು ಊಟದ ಹೊತ್ತಿಗೆ ಗೊತ್ತಾಯಿತು. ಅವರ ಶಾಲೆಗೆ ಖಾಯಂ ಶಿಕ್ಷಕರೊಬ್ಬರು ಬರುವವರಿದ್ದರು. ಮುಂದಿನ ವರ್ಷ ಇಬ್ಬರು ಅತಿಥಿಗಳ ಜಾಗದಲ್ಲಿ ಒಬ್ಬರಿಗೆ ಮಾತ್ರ ಕೆಲಸ. ಇನ್ನೊಬ್ಬ ಅತಿಥಿಯೂ ವಿಜ್ಞಾನದವನೇ. ತುಮಕೂರಿನಲ್ಲಿ ಶಿಕ್ಷಕರ ವಿಜ್ಞಾನ ಪ್ರದರ್ಶನ ನಡೆಯುವುದಿತ್ತು. ಅಲ್ಲಿ ಯಾರು ಬಹುಮಾನ ತರುತ್ತಾರೋ ಅವರ ಹೆಸರನ್ನೇ ಕಳಿಸುತ್ತೇನೆ ಎಂದು ಹೆಡ್‌ಮಾಸ್ತರರು ಇಬ್ಬರಿಗೂ ಹೇಳಿದ್ದರು. ಮಕ್ಕಳ ಭವಿಷ್ಯವನ್ನು ಹೀಗೆ ಕುಸ್ತಿ ಅಖಾಡದಲ್ಲಿ ತೀರ್ಮಾನಿಸುವ ಬುದ್ಧಿವಂತಿಕೆಗೆ ಏನು ಹೇಳುವುದು? ಆದರೆ ಅವಳಿಗೆ ಆ ಕೆಲಸ ಬೇಕಿತ್ತು. ಬಸ್ಸು ಹತ್ತುವಾಗ ಅವಳ ನಡಿಗೆಯೇ ಬೇರೆಯಾಗಿರುತ್ತಿತ್ತು. ಅಷ್ಟನ್ನು ಗಮನಿಸುವ ಕಣ್ಣು ನನಗೂ ಇತ್ತು.

ಕಾಲೇಜಿನ ತೂಕಗಳನ್ನು ಹಿಂದಿರುಗಿಸಬೇಕಿತ್ತು. ಪ್ರದರ್ಶನದಲ್ಲಿ ನೇತುಹಾಕಲು ಬೇರೆ ತೂಕ ಬೇಕೆಂದು ಅಂಗಡಿಗೆ ಬಂದಳು, ಐದು ಪುಟ್ಟ ಬಟ್ಟೆಚೀಲ ಹಿಡಿದುಕೊಂಡು. ಗಿರಾಕಿಗಳು ಇದ್ದರು.

"ಮಾವ, ಒಂದೊಂದ್ ಕೇಜಿ ಹುರುಳಿ, ಐದು ಚೀಲಕ್ಕೆ. ಬಾಯಿ ಹೊಲ್ದು ಕೊಟ್ಬಿಡಿ. ಕರೆಕ್ಟಾಗಿರ್ಬೇಕು." ಹೊರಟವಳು ತಿರುಗಿ ನಿಂತಳು. "ಕೊಸರು ಮಾತ್ರ ಬ್ಯಾಡಿ."

ಒಬ್ಬ ಗಿರಾಕಿ ಕಿಸಕ್ಕೆಂದ. "ಏನ್ ಸಾವ್ಕಾರ್ರೇ, ಮನೇವ್ರೇ ನಿಮ್ ಕೊಸರು ಬ್ಯಾಡ ಅಂತಾವ್ರೆ!"

ನಮ್ಮಲ್ಲಿ ಕೊಸರು ಬೇಡ ಅನ್ನುವವರು ಇಲ್ಲ. ಜಗಳವಾಡಿ ಮಾತು ಬಿಟ್ಟವರು ಬೇರೆ ದಾರಿಯಿಲ್ಲದೆ ಸಾಮಾನಿಗೆ ಬಂದಾಗ ಮಾತ್ರ, ಕೊಸರಿಗೆ ಮುಂಚೆಯೇ ಚೀಲದ ಬಾಯಿ ಮುಚ್ಚಿ ಹೊರಡುತ್ತಾರೆ. ನಿನ್ನ ಹಂಗು ಬೇಡ ಎಂದು ಅದರ ಅರ್ಥ. ಅವಳಿಗೆ ಬೇಕಾಗಿದ್ದದ್ದು ಬರೀ ಒಂದು ಕೇಜಿ. ನನಗೆ ಕೇಳಿಸಿದ್ದು ಹಂಗು ಬೇಡ ಎಂಬ ಮಾತು.

ಪ್ರದರ್ಶನದ ಹಿಂದಿನ ಸಂಜೆ ಚೀಲ ತುಂಬಿಸಿದೆ. ಕೆಂಪು ಅಂಕಿ ಸರಿಯಾಗಿ ಒಂದು ಕೇಜಿಗೆ ನಿಂತಿತು. ಚೀಲಕ್ಕೆ ಸುರಿದೆ. ಆಮೇಲೆ ಕೈ ತಾನೇ ಮೂಟೆಗೆ ಹೋಯಿತು ಎಂದು ಹೇಳಿದರೆ ಅರ್ಧ ನಿಜ. ಮೊದಲನೇ ಚೀಲಕ್ಕೆ ಹೋದದ್ದು ಅಭ್ಯಾಸದ ಕೈ. ಮಿಕ್ಕವಕ್ಕೆ ಹಾಕಿದ್ದು ಹಠದ ಕೈ. ಯಾವ ಗಿರಾಕಿಗೂ ಹಾಕದಷ್ಟು ದಪ್ಪ ಹಿಡಿ ಹಾಕಿದೆ. ಕಡಿಮೆ ಕೊಟ್ಟರೆ ಮೋಸ, ಹೆಚ್ಚು ಕೊಟ್ಟವನನ್ನು ಯಾರು ಏನನ್ನುತ್ತಾರೆ ಎಂದುಕೊಂಡು ದಬ್ಬಳದಲ್ಲಿ ಬಾಯಿ ಹೊಲಿದು, ಒಂದೊಂದರ ಮೇಲೂ ಪೆನ್ನಿನಲ್ಲಿ ಒಂದು ಕೇಜಿ ಎಂದು ಬರೆದೆ. ಬೆಳಿಗ್ಗೆ ಅವಳು ಚೀಲಗಳನ್ನು ಬುಟ್ಟಿಗೆ ಹಾಕಿಕೊಂಡಳು. ಪರೀಕ್ಷಿಸಲಿಲ್ಲ. ಮಾವನ ತೂಕವನ್ನು ಯಾಕೆ ಪರೀಕ್ಷಿಸುತ್ತಾಳೆ?

ಸಾಮಾನು ಹೊರಲು ನಾನೂ ಜೊತೆಗೆ ಹೋದೆ. ತುಮಕೂರಿನ ಒಂದು ಶಾಲೆಯ ಹಾಲಿನಲ್ಲಿ ಮೇಜುಗಳ ಸಾಲು. ಕೊರಳಿಗೆ ಪಟ್ಟಿ ನೇತುಹಾಕಿಕೊಂಡ ಮೇಷ್ಟರುಗಳು ಒಬ್ಬರ ಮೇಜನ್ನು ಒಬ್ಬರು ಕಣ್ಣಂಚಿನಲ್ಲಿ ನೋಡುತ್ತಿದ್ದರು. ವಿಜ್ಞಾನಕ್ಕಿಂತ ಥರ್ಮಾಕೋಲೇ ಹೆಚ್ಚಾಗಿತ್ತು. ಅವಳ ಶಾಲೆಯ ಇನ್ನೊಬ್ಬ ಅತಿಥಿ ಥರ್ಮಾಕೋಲಿನ ಜ್ವಾಲಾಮುಖಿ ಮಾಡಿದ್ದ. ಹೊಟ್ಟೆಯೊಳಗೆ ಅಡುಗೆ ಸೋಡಾ, ಮೇಲಿಂದ ನಿಂಬೆರಸ. ಬುಸ್ಸೆಂದು ಕೆಂಪು ನೊರೆ ಉಕ್ಕಿದ ಹಾಗೆಲ್ಲ ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ದಿನಾ ಉಕ್ಕುತ್ತದೆ, ಯಾರೂ ತಟ್ಟಿಲ್ಲ.

ತೀರ್ಪುಗಾರರು ಮೂವರು. ಮಾತಾಡುತ್ತಿದ್ದವರು ಒಬ್ಬರೇ, ನನ್ನ ವಯಸ್ಸಿನ ನಿವೃತ್ತ ಲೆಕ್ಚರರು. ಮಿಕ್ಕಿಬ್ಬರು ಅವರ ತಲೆ ಆಡಿದ ಕಡೆಗೆ ತಲೆ ಆಡಿಸುತ್ತಿದ್ದರು. ಅವಳು ಚೆನ್ನಾಗಿಯೇ ಶುರುಮಾಡಿದಳು. ತೊಟ್ಟಿಲ ಸ್ಪ್ರಿಂಗು ಎಂದಾಗ ಹೆಂಗಸರು ಮೇಜಿನ ಹತ್ತಿರಕ್ಕೆ ಬಂದರು. ಸ್ಟ್ಯಾಂಡಿಗೆ ತೂಗುಬಿಟ್ಟಿದ್ದ ಸ್ಪ್ರಿಂಗಿನ ಕೊಕ್ಕೆಗೆ ಐದೂ ಚೀಲಗಳನ್ನು ಹಾಕಿದಳು. ಸ್ಪ್ರಿಂಗು ಇಳಿಯಿತು, ಅದರ ತುದಿಗೆ ಕಟ್ಟಿದ್ದ ಮುಳ್ಳು, ಮನೆಯಿಂದ ತಂದು ಪಕ್ಕದಲ್ಲಿ ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ಐದರ ಗೆರೆಯನ್ನು ದಾಟಿ ಐದೂವರೆಯ ಹತ್ತಿರ ನಿಂತಿತು.

ಅವಳ ಮುಖ ನೋಡಿದೆ. ಕೊಕ್ಕೆಯನ್ನು ಸರಿಮಾಡಿದಳು, ಮುಳ್ಳನ್ನು ಮುಟ್ಟಿ ನೋಡಿದಳು. ಐದೂವರೆ. "ಈಗ ಕುಣಿಸಿ ನೋಡೋಣ," ಎಂದು ಎಳೆದು ಬಿಟ್ಟಳು. ಮುಂದೆ ನಿಂತಿದ್ದವರಿಂದಲೇ ಕುಣಿತ ಎಣಿಸಿದಳು, ಹೊತ್ತು ನೋಡಿದಳು, ತನ್ನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಬೆರಳಿಟ್ಟು ಹುಡುಕಿದಳು. ಬೆರಳು ನಿಂತದ್ದೂ ಐದೂವರೆಯ ಹತ್ತಿರವೇ.

"ಎಷ್ಟು ಬಂತಮ್ಮ?" ಲೆಕ್ಚರರು ಕೇಳಿದರು.

"ಐದೂವರೆ ಸರ್. ಎರಡು ರೀತೀಲೂ."

"ಚೀಲದ ಮೇಲೆ ಏನು ಬರೆದಿದೆ?"

"ಒಂದೊಂದು ಕೇಜಿ."

"ಐದು ಒಂದ್ಲ ಎಷ್ಟಮ್ಮ?"

ಸುತ್ತ ನಿಂತವರು ನಕ್ಕರು. ಅವಳು, "ಸರ್, ಆದ್ರೆ ಎರಡೂ ಒಂದೇ ಬಂದಿದೆಯಲ್ಲ, ತೋರಿಸ್ಬೇಕಾಗಿದ್ದೇ ಅದು..." ಎನ್ನುವಷ್ಟರಲ್ಲಿ ಅವರು ಕೈ ಎತ್ತಿದರು. "ಎರಡೂ ತಪ್ಪು ಬಂದಿದೆ ಅನ್ನು. ತೊಟ್ಟಿಲ ಸ್ಪ್ರಿಂಗ್ ತಗೊಂಡು ಫಿಸಿಕ್ಸ್ ಮಾಡಿದ್ರೆ ಹಿಂಗೇ ಆಗೋದು. ಇದನ್ನ ಮಗೂಗೇ ಕಟ್ಟಮ್ಮ." ಇನ್ನೂ ಜೋರಾದ ನಗು. ವರ್ಷಗಟ್ಟಲೆ ಫಿಸಿಕ್ಸ್ ಪಾಠ ಮಾಡಿದ ಮನುಷ್ಯ, ಎರಡು ಬೇರೆ ದಾರಿಯಿಂದ ಹೋದರೂ ಒಂದೇ ಊರು ಯಾಕೆ ಬಂತು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಚೀಲದ ಮೇಲಿನ ಪೆನ್ನಿನ ಬರಹವನ್ನು ನಂಬಿದ. ಅವನ ಬಗ್ಗೆ ನನಗಿರುವ ತಾತ್ಸಾರಕ್ಕೆ ಪಾರವಿಲ್ಲ. ಆದರೆ ಅವನಿಗೆ ನಿಜ ಗೊತ್ತಿರಲಿಲ್ಲ. ಗೊತ್ತಿದ್ದವನು ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

ಅವಳು ನನ್ನ ಕಡೆ ತಿರುಗಿದಳು. "ಮಾವ, ಕೊಸರು ಹಾಕಿದ್ರಾ?"

ಎಲ್ಲರೂ ನನ್ನನ್ನು ನೋಡಿದರು. ಸೊಸೆ ಮಾವನನ್ನು ಹತ್ತು ಜನರ ಮುಂದೆ ಪಾಟೀಸವಾಲು ಮಾಡುತ್ತಿದ್ದಾಳೆ ಎಂದು ನನ್ನ ಕಿವಿ ಬಿಸಿಯಾಯಿತು. ಹಾಕಿದ್ದೆ ಎಂಬ ಒಂದೇ ಮಾತು ಸಾಕಿತ್ತು. ನಾನು ಹೇಳಿದ್ದು ಇದು:

"ನನ್ನ ತಕ್ಕಡೀಲಿ ಕರೆಕ್ಟಾಗಿ ಒಂದೊಂದು ಕೇಜೀನೇ ತೂಗಿದ್ದು. ಗುಬ್ಬೀಲಿ ಬಂದು ಯಾರನ್ನ ಬೇಕಾದ್ರೂ ಕೇಳಿ."

ಒಂದು ಅಕ್ಷರವೂ ಸುಳ್ಳಲ್ಲ. ಇಂಥ ನಿಜ ಹೇಳುವವನಿಗಿಂತ ಸುಳ್ಳುಗಾರ ಎಷ್ಟೋ ವಾಸಿ.

"ಯಜಮಾನ್ರು ಹೇಳ್ತಾ ಇದಾರಲ್ಲ," ಎಂದು ಲೆಕ್ಚರರು ಮುಂದಿನ ಮೇಜಿಗೆ ಹೋದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ನೊರೆಯ ಬುಸ್ಸೂ ಚಪ್ಪಾಳೆಯೂ ಕೇಳಿಸಿದವು. ಬಹುಮಾನ ಯಾರಿಗೆ ಹೋಯಿತೆಂದು ಬೇರೆ ಬರೆಯಬೇಕಿಲ್ಲ.

ಬಸ್ಸಿನಲ್ಲಿ ಚೀಲಗಳು ಅವಳ ತೊಡೆಯ ಮೇಲಿದ್ದವು. ಗುಬ್ಬಿ ಹತ್ತಿರ ಬರುವವರೆಗೂ ಕಿಟಕಿಯ ಕಡೆಗೇ ಮುಖ. ಆಮೇಲೆ ಮೆಲ್ಲಗೆ, "ನೇತಾಕೋವಾಗ ನನ್ನ ಗೆರೆ ತಪ್ಪಿರ್ಬಹುದು ಮಾವ. ಕುಣಿಸೋವಾಗ ಎಣಿಕೆ ತಪ್ಪಿರ್ಬಹುದು. ಎರಡೂ ತಪ್ಪಿ, ಎರಡೂ ಒಂದೇ ಸುಳ್ಳು ಹೇಳ್ತವಾ?" ಅಂದಳು.

"ಸ್ಪ್ರಿಂಗು ಹಳೇದಾಗೈತೆ. ನಿಮ್ಮಪ್ಪನ್ನ ಕೇಳು, ಎಲ್ಲಿಂದ ತಂದ್ರು ಅಂತ," ಅಂದೆ.

ಅವಳು ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಹುಳ ಹಿಡಿದ ಬೇಳೆಯನ್ನು ನೋಡಿ, ಏನೂ ಹೇಳದೆ ಕೆಳಗಿಡುತ್ತಾರಲ್ಲ, ಹಾಗೆ ನೋಡಿದಳು. ಮತ್ತೆ ಕಿಟಕಿಯ ಕಡೆ ತಿರುಗಿದಳು.

ಮನೆಯಲ್ಲಿ ಮಾಮೂಲಿನ ಹಾಗೆ ಊಟ ಬಡಿಸುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ನನ್ನ ತಮಾಷೆಗೆ ಮಾತ್ರ ನಗುತ್ತಿರಲಿಲ್ಲ. ಹೊಲಿಗೆ ಬಿಚ್ಚದ ಐದು ಚೀಲಗಳು ಅಡುಗೆಮನೆಯ ಗೂಡಿನಲ್ಲಿ ಹಾಗೇ ಕೂತಿದ್ದವು. ಹುರುಳಿ ಸಾರು ಮಾಡುವ ದಿನವೂ ಅವುಗಳನ್ನು ಮುಟ್ಟದೆ ಡಬ್ಬಿಯ ಹುರುಳಿಯನ್ನೇ ಹಾಕುತ್ತಿದ್ದಳು. ನನ್ನನ್ನು ಚುಚ್ಚುವುದಕ್ಕೇ ಇಟ್ಟಿದ್ದಾಳೆ ಎಂದು ಹೆಂಡತಿಯ ಹತ್ತಿರ ಗೊಣಗಿದೆ.

ಹೆಂಡತಿ ಮೊರದಿಂದ ತಲೆ ಎತ್ತಿದಳು. "ಚುಚ್ಚೋ ಹಂಗಿದ್ರೆ ಆವತ್ತೇ ಚುಚ್ತಿದ್ಲು. ಎಡ್‌ಮೇಷ್ಟ್ರು ಕೇಳಿದ್ರಂತೆ, ಯಾರಮ್ಮ ತೂಗಿದ್ದು ಅಂತ. ನಾನೇ ತೂಗಿದ್ದೆ ಸಾರ್, ನಂದೇ ತಪ್ಪು ಅಂದ್ಲಂತೆ. ಕೊಸರಂಗಡಿಯವ್ನ ಹೆಸರು ಕೆಡಬಾರ್ದಲ್ಲ!"

ಆ ಮಧ್ಯಾಹ್ನ ಅತ್ತೆ ಸೊಸೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಗೂಡಿನಿಂದ ಚೀಲಗಳನ್ನು ತೆಗೆದು ತೊಟ್ಟಿಲ ಸ್ಪ್ರಿಂಗಿಗೆ ನೇತುಹಾಕಿದೆ. ಎಳೆದು ಬಿಟ್ಟೆ. ಎಮ್ಮೆ ನಡೆದ ಹಾಗೆ ಮೇಲೆ ಕೆಳಗೆ ಆಡಿತು. ಆಮೇಲೆ ಒಂದೊಂದೇ ಚೀಲದ ಹೊಲಿಗೆ ಬಿಚ್ಚಿ, ನನ್ನದೇ ಕೈಯಿಂದ ಒಂದೊಂದು ದಪ್ಪ ಹಿಡಿ ಹೊರಗೆ ತೆಗೆದು, ಮತ್ತೆ ಹಾಕಿ ಎಳೆದು ಬಿಟ್ಟೆ. ಸ್ಪ್ರಿಂಗು ಮೇಲಕ್ಕೇರಿತ್ತು, ಕುಣಿತಕ್ಕೂ ಚುರುಕು ಬಂದಿತ್ತು. ತಕ್ಕಡಿಯಿಂದ ನಾನು ಅಷ್ಟು ಜಾಣತನದಿಂದ ಮುಚ್ಚಿಟ್ಟದ್ದನ್ನು ಈ ಬಿಡಿಭಾಗ ಎರಡು ಬಾಯಲ್ಲಿ ಹೇಳಿತು. ತೆಗೆದ ಹುರುಳಿ ಮೊರದಲ್ಲಿ ಗುಡ್ಡೆಯಾಗಿತ್ತು. ಅಷ್ಟೇ ನನ್ನ ಘನತೆ. ತೆಗೆದಷ್ಟನ್ನೂ ಮತ್ತೆ ಚೀಲಗಳಿಗೆ ತುಂಬಿ, ಬಾಯಿ ಹೊಲಿದೆ. ಅದು ಸಾಕ್ಷಿ.

ಮರುದಿನ ಅಂಗಡಿ ತೆರೆಯದೆ ಚೇಳೂರಿನ ಬಸ್ಸು ಹತ್ತಿದೆ. ಹೆಡ್‌ಮಾಸ್ತರರ ಮೇಜಿನ ಮೇಲೆ ಚೀಲಗಳನ್ನಿಟ್ಟು ನಡೆದದ್ದನ್ನು ಹೇಳಿದೆ. ಅವರು ಬಿಸಿಯೂಟದ ಅಡುಗೆಮನೆಯಿಂದ ತಕ್ಕಡಿ ತರಿಸಿ ತೂಗಿದರು. ಅಂಕಿ ನೋಡಿದರು, ನನ್ನನ್ನು ನೋಡಿದರು.

"ಅಲ್ಲ ಯಜಮಾನ್ರೇ, ಜಾಸ್ತಿ ಹಾಕ್ಬಿಟ್ಟು ಹಾಕಿಲ್ಲ ಅಂತ ಹೇಳಿದ್ ಅಂಗಡಿಯವ್ರನ್ನ ನಾನು ಇವತ್ತೇ ನೋಡಿದ್ದು."

"ತಪ್ಪಾಯ್ತು ಸಾರ್. ಅವಳ ಲೆಕ್ಕ ಸರಿಯಾಗಿತ್ತು. ಕೆಲಸ ಅವಳಿಗೇ ಬರ್ಬೇಕು."

"ಬಹುಮಾನ ತಂದವ್ರ ಹೆಸರು ಕಳ್ಸಿ ಆಯ್ತು. ಇದನ್ನ ಆವತ್ತೇ ಅಲ್ಲೇ ಹೇಳಿದ್ರೆ ಒಂದು ಮಾತಾಗಿತ್ತು." ಪೆನ್ನಿನ ಮುಚ್ಚಳ ಹಾಕಿದರು. "ಈ ವರ್ಷದ ಪಾಠ ಇನ್ನೂ ಮುಗಿದಿಲ್ಲ. ಒಂದು ಪೀರಿಯಡ್ ಕೊಡ್ತೀನಿ. ಮಕ್ಕಳ ಮುಂದೆ ಮತ್ತೆ ಮಾಡ್ಲಿ. ನೀವೂ ಬರ್ಬೇಕು."

ಇಷ್ಟೇ ಸಿಕ್ಕಿದ್ದು. ಮಾಡಿದ ಕೇಡಿನ ಮುಂದೆ ಇದು ಕೊಸರಿಗೂ ಸಮವಲ್ಲ.

ಮನೆಗೆ ಬಂದು ಸೊಸೆಗೆ ಹೇಳಿದಾಗ ಅವಳು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು ಮಾವ," ಅಂದಳು. ಮಗುವಿನ ಬಾಯಿ ಒರೆಸಿ, "ಕೆಲಸ ಹೋಗ್ಲಿ. ಎರಡೂ ಒಂದೇ ಬಂದಿತ್ತು. ಅದನ್ನ ಒಬ್ರೂ ನೋಡ್ಲಿಲ್ಲ," ಅಂದಳು. ಆಗ ಮಾತ್ರ ಅವಳ ಕಣ್ಣು ತುಂಬಿತು.

ಆ ಪೀರಿಯಡ್ಡಿನಲ್ಲಿ ತರಗತಿಯ ಬಾಗಿಲ ಮೇಲಿನ ಕೊಂಡಿಗೆ ಸ್ಪ್ರಿಂಗನ್ನು ಕಟ್ಟಿದರು. ಮಕ್ಕಳೇ ಚೀಲ ನೇತುಹಾಕಿದರು, ಮಕ್ಕಳೇ ಕುಣಿಸಿ ಎಣಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತಿದ್ದೆ. "ಐದೂವರೆ ಮಿಸ್!" ಎಂದು ಒಂದು ಸಾಲು ಕೂಗಿತು. "ನಮ್ಮದೂ ಐದೂವರೆ!" ಎಂದು ಇನ್ನೊಂದು ಸಾಲು.

"ಚೀಲಗಳ ಮೇಲೆ ಒಂದೊಂದು ಕೇಜಿ ಅಂತಿದೆ, ಒಟ್ಟು ಐದು. ಯಾವುದನ್ನ ನಂಬ್ತೀರ?" ಎಂದಳು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಎರಡ್ ಥರ ನೋಡಿದ್ರೂ ಒಂದೇ ಬಂದೈತೆ. ಚೀಲದೋರೇ ಸುಳ್ಳು ಬರ್ದವ್ರೆ," ಅಂದಳು. ತುಮಕೂರಿನ ಲೆಕ್ಚರರನ್ನು ಕರೆತಂದು ಆ ಹುಡುಗಿಯ ಪಕ್ಕ ಕೂರಿಸಬೇಕೆನ್ನಿಸಿತು.

ಸೊಸೆ ಹಿಂದಿನ ಬೆಂಚಿನ ಕಡೆ ನೋಡಿದಳು. ಅದೇ ದನಿ, ಅದೇ ಮಾತು. "ಮಾವ, ಕೊಸರು ಹಾಕಿದ್ರಾ?"

ಬೆಂಚನ್ನು ಹಿಡಿದುಕೊಂಡು ಎದ್ದು ನಿಂತೆ. "ಹಾಕಿದ್ದೆ ಕಣಮ್ಮ. ಆವತ್ತೂ ಹಾಕಿದ್ದೆ."

ಮಕ್ಕಳು ಹೋ ಎಂದು ನಕ್ಕರು. ಅವಳು ನಗಲಿಲ್ಲ. ನನಗೆ ಕೂತುಕೊಳ್ಳಿ ಎಂದೂ ಹೇಳದೆ, ಬೋರ್ಡಿನ ಕಡೆ ತಿರುಗಿ ಐದೂವರೆ ಎಂದು ಎರಡು ಸಲ ಬರೆದಳು, ಒಂದರ ಕೆಳಗೆ ಒಂದು. ಅವಳು ಪಾಠ ಮುಗಿಸುವವರೆಗೂ ನಾನು ನಿಂತೇ ಇದ್ದೆ.